‘ಆದರೂ’ ಎಂಬ ಮೂರಕ್ಷರ ಅಷ್ಟು ನೋಯಿಸಿದ್ದೇಕೆ?

ಪ್ರಶ್ನೆ: ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಕೆಟ್ಟು ನಿಂತಿದ್ದ ಯಂತ್ರವನ್ನು ಒಂದೇ ಗಂಟೆಯಲ್ಲಿ ಸರಿಪಡಿಸಿದರು. ನಾನು ಎಲ್ಲರ ಎದುರು ಮೆಚ್ಚಿಕೊಂಡು, “ಹೆಂಗಸಾದರೂ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೀರಿ!” ಎಂದೆ. ಅವರ ಮುಖ ಸಪ್ಪಗಾಯಿತು. ಅಂದಿನಿಂದ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತು. ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೊದಲೆಲ್ಲ ಇಂಥ ಮಾತಿಗೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಈಗ ಎಲ್ಲರೂ ಹೀಗೆ ಮುಟ್ಟಿದರೆ ಮುನಿ ಆಗಿಬಿಟ್ಟರೆ ಬಾಯಿ ತೆರೆಯುವುದಾದರೂ ಹೇಗೆ?

ಉತ್ತರ: ನಿಮ್ಮ ಮಾತನ್ನು ಮೊದಲು ಬಿಡಿಸಿ ನೋಡೋಣ. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎನ್ನುತ್ತೇವೆ. ಮಳೆ ಬಂದರೆ ಆಟ ನಿಲ್ಲುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಕೇಳಿದವರಿಗೆಲ್ಲ ಅದು ತಲುಪಿರುತ್ತದೆ. ‘ಹಳೆಯದಾದರೂ ಗಟ್ಟಿಯಾಗಿದೆ’ ಎಂದರೆ ಹಳೆಯದು ಗಟ್ಟಿಯಾಗಿರುವುದಿಲ್ಲ ಎಂದು ಹೇಳಿದಂತೆಯೇ. ಕೊನೆಯಲ್ಲಿ ಬರುವ ಆ ‘ಊ’ಕಾರ ಅಷ್ಟನ್ನೂ ಸದ್ದಿಲ್ಲದೆ ಹೊತ್ತು ತರುತ್ತದೆ. ನಿಮ್ಮ ವಾಕ್ಯದಲ್ಲಿ ಕೇಳಿಸಿದ ಮಾತು ‘ನೀವು ಚೆನ್ನಾಗಿ ಕೆಲಸ ಮಾಡುತ್ತೀರಿ’ ಎಂಬುದು. ಕೇಳಿಸದೆ ಒಳಗೆ ಬಂದ ಮಾತು ‘ಹೆಂಗಸರಿಂದ ಇದು ಆಗುವುದಿಲ್ಲ’ ಎಂಬುದು.

ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ 1892ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನಮ್ಮ ‘ಆದರೂ’ಗೆ ಸಮನಾದ ಜರ್ಮನ್ ಪದದ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಆ ಪದ ವಾಕ್ಯದ ಅರ್ಥವನ್ನು ಬದಲಿಸುವುದಿಲ್ಲ, ಅದರ ಮೇಲೆ ಒಂದು ಬಗೆಯ ಬೆಳಕನ್ನು ಬೀರುತ್ತದೆ ಅಷ್ಟೇ ಎಂದು. ಪೂರ್ವಗ್ರಹದ ಮಾತಿನ ಬಹುಪಾಲು ಕೆಲಸ ನಡೆಯುವುದು ಆ ಬೆಳಕಿನಲ್ಲಿ. ನೇರವಾಗಿ ಹೇಳಿದ ಮಾತಾದರೆ ‘ಅದು ಸುಳ್ಳು’ ಎಂದು ಎದುರಾಡಬಹುದು. ಹೇಳದೆ ತಲುಪಿಸಿದ್ದನ್ನು ಅಲ್ಲಗಳೆಯುವುದು ಹೇಗೆ? ನಿಮ್ಮ ಸಹೋದ್ಯೋಗಿ ವಿನಯದಿಂದ “ಇಲ್ಲ, ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ” ಎಂದಿದ್ದರೂ ಒಳಗಿನ ಮಾತು ಅಲ್ಲಾಡುತ್ತಿರಲಿಲ್ಲ. “ಧನ್ಯವಾದ” ಎಂದಿದ್ದರೆ ಅದಕ್ಕೆ ಅವರೇ ಸಹಿ ಹಾಕಿದಂತಾಗುತ್ತಿತ್ತು. ಅವರ ತಾಯಿ, ಅಕ್ಕತಂಗಿಯರು, ಮುಂದೆ ಆ ಕೆಲಸಕ್ಕೆ ಬರಲಿರುವ ಹುಡುಗಿಯರು, ಅಷ್ಟೂ ಜನರನ್ನು ಬಿಟ್ಟುಕೊಟ್ಟು ತಾವೊಬ್ಬರೇ ಆ ಹೊಗಳಿಕೆಯನ್ನು ತೆಗೆದುಕೊಳ್ಳಬೇಕಾಗಿತ್ತು. ತಿರಸ್ಕರಿಸಿದ್ದರೆ, ಹೊಗಳಿದವರ ಮೇಲೆಯೇ ಹರಿಹಾಯುವ ಒರಟು ಹೆಂಗಸು ಎನಿಸಿಕೊಳ್ಳುತ್ತಿದ್ದರು. ಎತ್ತ ಸರಿದರೂ ಸೋಲು. ಮುಖ ಸಪ್ಪಗಾಗದೆ ಇನ್ನೇನಾಗಬೇಕಿತ್ತು?

ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂಬುದನ್ನು ನಾನು ಸಂಪೂರ್ಣವಾಗಿ ನಂಬುತ್ತೇನೆ. ನಂಬಿಯೂ ಹೇಳುತ್ತೇನೆ, ನಿಮ್ಮ ಮನಸ್ಸು ಕಾಣುವುದು ನಿಮಗೆ ಮಾತ್ರ. ಎದುರಿಗಿದ್ದವರಿಗೆ ಸಿಕ್ಕಿದ್ದು ಮಾತು, ಅದೂ ನಾಲ್ಕು ಜನರ ಮುಂದೆ. ಕಾಲು ತುಳಿದವರಿಗೆ ‘ಬೇಕೆಂದು ತುಳಿಯಲಿಲ್ಲ’ ಎಂಬ ಸಮಾಧಾನವಿರುತ್ತದೆ, ತುಳಿಸಿಕೊಂಡವರ ಬೆರಳು ಅದರಿಂದ ತಣ್ಣಗಾಗುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ನಿಮ್ಮ ಲೆಕ್ಕದಲ್ಲಿ ಅದು ಒಂದು ಸಲ ಆಡಿದ ಮಾತು. ಅವರು ಅದನ್ನು ಶಾಲೆಯಲ್ಲಿ ಗಣಿತಕ್ಕೆ ಹೆಚ್ಚು ಅಂಕ ಬಂದಾಗ ಕೇಳಿದ್ದಾರೆ, ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿದ್ದಾರೆ, ಕೆಲಸದ ಸಂದರ್ಶನದಲ್ಲಿ ಕೇಳಿದ್ದಾರೆ. ಅಮೆರಿಕದ ಮನೋವೈದ್ಯ ಚೆಸ್ಟರ್ ಪಿಯರ್ಸ್ ಕಪ್ಪು ವರ್ಣೀಯರು ದಿನನಿತ್ಯ ಎದುರಿಸುವ ಇಂಥ ಸಣ್ಣಪುಟ್ಟ ಪೆಟ್ಟುಗಳಿಗೆ 1970ರಲ್ಲಿ ‘ಮೈಕ್ರೋಅಗ್ರೆಶನ್’ ಎಂದು ಹೆಸರಿಟ್ಟರು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ, ಅವು ಕೂಡುತ್ತಾ ಹೋಗುವುದೇ ತೊಂದರೆ ಎಂಬುದು ಅವರ ವಾದದ ತಿರುಳು. ‘ಇಷ್ಟು ಸಣ್ಣ ಮಾತಿಗೆ ಇಷ್ಟು ಬೇಸರವೇ’ ಎಂದು ಕೇಳುವವರು ಕೊನೆಯ ಹನಿಯನ್ನು ಮಾತ್ರ ನೋಡಿರುತ್ತಾರೆ. ಕೊಡ ಅದಾಗಲೇ ತುಂಬಿರುತ್ತದೆ.

ನೋವು ಎಷ್ಟು ಬೇಗ ತಗಲುತ್ತದೆ ಎಂಬುದಕ್ಕೆ ಒಂದು ಸರಳ ಪ್ರಯೋಗವಿದೆ. ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು ಕಂಪ್ಯೂಟರ್ ತೆರೆಯ ಮೇಲೆ ಚೆಂಡೆಸೆಯುವ ಒಂದು ಆಟವನ್ನು ರೂಪಿಸಿದರು. ಮೊದಲು ನಿಮಗೂ ಚೆಂಡು ಬರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಉಳಿದ ಇಬ್ಬರು ತಮ್ಮತಮ್ಮಲ್ಲೇ ಎಸೆದುಕೊಳ್ಳುತ್ತಾರೆ, ನೀವು ಸುಮ್ಮನೆ ನೋಡುತ್ತಾ ಕೂರಬೇಕು. ಕೆಲವೇ ನಿಮಿಷ. ಅಷ್ಟಕ್ಕೇ ಜನರ ಮನಸ್ಸು ಕುಗ್ಗುತ್ತದೆ, ‘ನಾನು ಇವರಲ್ಲಿ ಒಬ್ಬ’ ಎಂಬ ಭಾವ ಜಾರುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ‘ಎದುರಾಳಿಗಳು ಮನುಷ್ಯರಲ್ಲ, ಕಂಪ್ಯೂಟರ್ ಆಡುತ್ತಿದೆ’ ಎಂದು ಮೊದಲೇ ತಿಳಿಸಲಾಗಿತ್ತು. ಅವರಿಗೂ ನೋವಾಯಿತು. ಯಂತ್ರಕ್ಕೆ ದ್ವೇಷವಿಲ್ಲ ಎಂದು ಬುದ್ಧಿಗೆ ಗೊತ್ತು, ಆದರೆ ಗುಂಪಿನಿಂದ ಹೊರಗುಳಿದೆ ಎಂಬ ಅರಿವು ಬುದ್ಧಿ ಬಾಯಿ ತೆರೆಯುವ ಮೊದಲೇ ಬಂದು ಕುಳಿತಿರುತ್ತದೆ. ಹಾಗಿರುವಾಗ ದಿನವೂ ಮುಖ ನೋಡುವ ಮನುಷ್ಯರು, ಮಾತಿನ ಮೂಲಕವೇ ‘ನೀನು ಈ ಕಡೆಯವಳಲ್ಲ’ ಎಂದು ಸೂಚಿಸಿದರೆ ಏನಾಗಬೇಕು, ಯೋಚಿಸಿ.

ಇದನ್ನೆಲ್ಲ ವರ್ಷಗಟ್ಟಲೆ ಪಾಠ ಮಾಡಿದ ನಾನೇ ತಪ್ಪು ಮಾಡಿದ ದಿನವೊಂದಿದೆ. ತರಗತಿಯ ಮೊದಲ ಸಾಲಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಕೂರುತ್ತಿದ್ದಳು. ಬ್ರೈಲ್ ಹಲಗೆಯಲ್ಲಿ ದಪ್ಪ ಕಾಗದ ಸಿಕ್ಕಿಸಿ, ಮೊನೆಯ ಕಡ್ಡಿಯಿಂದ ಚುಕ್ಕೆ ಒತ್ತುತ್ತಾ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಆ ಟಕಟಕ ಸದ್ದು ನನ್ನ ಪಾಠದ ಹಿಂದೆಯೇ ಓಡಿಬರುತ್ತಿತ್ತು, ಅದಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ ಅದು ನಿಂತಾಗಲೇ ಇತ್ತೆಂದು ಗೊತ್ತಾಗುತ್ತಿತ್ತು. ಒಂದು ದಿನ, ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪಿಕೊಳ್ಳುವವರ ಬಗ್ಗೆ ಮಾತನಾಡುತ್ತಾ, ದನಿ ಏರಿಸಿ “ಇವರೆಲ್ಲ ಕುರುಡರು” ಎಂದೆ. ಟಕಟಕ ನಿಂತಿತು. ಹತ್ತು ಹನ್ನೆರಡು ಸೆಕೆಂಡು ಕಳೆದು ಮತ್ತೆ ಶುರುವಾಯಿತು. ಪಾಠ ಮುಗಿದ ಮೇಲೆ ಅವಳು ಬಂದು ಹೇಳಿದಳು: “ಮೇಷ್ಟ್ರೇ, ಕುರುಡು ಎಂಬ ಪದದಿಂದ ನನಗೆ ಬೇಸರವಿಲ್ಲ, ಅದು ನನ್ನ ಕಣ್ಣಿನ ಸ್ಥಿತಿ. ಆದರೆ ಯೋಚನೆ ಮಾಡದವರನ್ನು ಬೈಯುವುದಕ್ಕೆ ನೀವು ನನ್ನ ಕಣ್ಣನ್ನು ತೆಗೆದುಕೊಂಡಿರಿ.” ನನ್ನ ಬಳಿ ಉತ್ತರವಿರಲಿಲ್ಲ. ಅವಳು ಹೇಳಿದ್ದಕ್ಕಿಂತ ಸ್ಪಷ್ಟವಾಗಿ ಈ ವಿಷಯವನ್ನು ನಾನು ಎಲ್ಲಿಯೂ ಓದಿಲ್ಲ.

ಅಂದಿನಿಂದ ನಮ್ಮ ನುಡಿಗಟ್ಟುಗಳನ್ನು ನೋಡುವ ನನ್ನ ಬಗೆ ಬದಲಾಯಿತು. ಕುರುಡು ನಂಬಿಕೆ, ಕುಂಟುನೆಪ, ಕಿವುಡುಗಿವಿ, ‘ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ’. ಒಂದೊಂದರಲ್ಲೂ ಯಾರದೋ ದೇಹ ಕೊರತೆಯ ಗುರುತಾಗಿ ನಿಂತಿದೆ. ಇವೆಲ್ಲವನ್ನೂ ನಿಘಂಟಿನಿಂದ ಕಿತ್ತುಹಾಕಿ ಎನ್ನುವವನು ನಾನಲ್ಲ. ಕುಂಟುನೆಪ ಎಂದಾಗ ಆಡುವವರಿಗೂ ಕೇಳುವವರಿಗೂ ಕಣ್ಣ ಮುಂದೆ ಬರುವುದು ನೆಪವೇ ಹೊರತು ಕಾಲಲ್ಲ, ಆ ರೂಪಕ ಸವೆದುಹೋಗಿದೆ. ಆದರೆ ಒಬ್ಬ ಮನುಷ್ಯನನ್ನು ‘ಏ ಕುಂಟಾ’ ಎಂದು ಕೂಗಿದಾಗ ಸವೆದದ್ದು ಏನೂ ಇಲ್ಲ, ಅವನ ಇಡೀ ಬದುಕನ್ನು ಒಂದು ಕಾಲಿಗೆ ಇಳಿಸಿ ಕರೆದಿರುತ್ತೇವೆ. ‘ಮುಂಡೆ’ ಎಂಬ ಬೈಗುಳವನ್ನು ನೋಡಿ. ಗಂಡನನ್ನು ಕಳೆದುಕೊಂಡವಳು ಎಂಬುದಷ್ಟೇ ಆ ಪದದ ಅರ್ಥ. ಒಬ್ಬಳ ದುಃಖವನ್ನು ಎತ್ತಿಕೊಂಡು ಇನ್ನೊಬ್ಬಳ ಮೇಲೆ ಎಸೆಯುವ ಕಲ್ಲು ಮಾಡಿಕೊಂಡಿದ್ದೇವೆ. ಕೋಪದಲ್ಲಿ ಯಾರನ್ನೋ ಹಾಗೆ ಬೈದಾಗ, ಗೋಡೆಯಾಚೆ ಕೇಳಿಸಿಕೊಳ್ಳುವ ನಿಜವಾದ ವಿಧವೆಯ ಪಾಡನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬೈಗುಳಕ್ಕಿಂತ ಆಳಕ್ಕೆ ಇಳಿಯುವ ಮಾತು ಬೇರೆ ಇದೆ, ಅದು ಮೆದುವಾಗಿರುತ್ತದೆ: ‘ಆ ಜನ ಹಾಗೆಯೇ.’ ಮಾರ್ಜೋರಿ ರೋಡ್ಸ್, ಸಾರಾ-ಜೇನ್ ಲೆಸ್ಲಿ ಮತ್ತು ಕ್ರಿಸ್ಟಿನಾ ಟ್ವೊರೆಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಜಾರ್ಪಿ’ಗಳು ಎಂಬ, ಎಲ್ಲೂ ಇಲ್ಲದ ಒಂದು ಜನಾಂಗವನ್ನು ಕಲ್ಪಿಸಿದರು. ಚಿತ್ರಪುಸ್ತಕದಲ್ಲಿ ಬೇರೆಬೇರೆ ಬಣ್ಣದ, ವಯಸ್ಸಿನ ಗಂಡಸರು, ಹೆಂಗಸರು. ಕೆಲವು ಮಕ್ಕಳಿಗೆ ‘ಈ ಜಾರ್ಪಿ ಹೀಗೆ ಮಾಡುತ್ತಾನೆ’ ಎಂದು ಓದಿ ಹೇಳಿದರು, ಇನ್ನು ಕೆಲವರಿಗೆ ‘ಜಾರ್ಪಿಗಳು ಹೀಗೆ ಮಾಡುತ್ತಾರೆ’ ಎಂದು. ಎರಡನೆಯ ಗುಂಪಿನ ನಾಲ್ಕು ವರ್ಷದ ಮಕ್ಕಳು, ಜಾರ್ಪಿತನ ಹುಟ್ಟಿನಿಂದ ಬರುವ, ಬದಲಾಗದ ಗುಣ ಎಂದು ನಂಬುವತ್ತ ಹೆಚ್ಚು ವಾಲಿದರು. ದೊಡ್ಡವರಲ್ಲೂ ಹಾಗೆಯೇ ಆಯಿತು. ಆ ವಾಕ್ಯಗಳಲ್ಲಿ ಬೈಗುಳವಿರಲಿಲ್ಲ, ದ್ವೇಷವಿರಲಿಲ್ಲ. ಏಕವಚನ ಹೋಗಿ ‘ಗಳು’ ಬಂದಿತ್ತು, ಅಷ್ಟೇ. ಹಾಗಾಗಿ ಯಾರಾದರೂ “ನೀವು ನನ್ನನ್ನು ಬೈಯಲಿಲ್ಲ ನಿಜ, ಆದರೂ ನೋವಾಯಿತು” ಎಂದರೆ ಅದು ಅತಿಯಾಯಿತು ಎನ್ನಬೇಡಿ. ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿರುವ ಮಗುವಿನ ತಲೆಯಲ್ಲಿ ತಮ್ಮ ಜನರ ಬಗ್ಗೆ ಎಂಥ ಚಿತ್ರ ಮೂಡುತ್ತಿದೆ ಎಂಬುದು ಅವರಿಗೆ ಕಾಣುತ್ತಿರುತ್ತದೆ.

ತಮಾಷೆಗೆ ಅಂದದ್ದು ಎಂಬ ಸಮರ್ಥನೆಯನ್ನು ನೀವು ಹೂಡಿಲ್ಲ, ಅದಕ್ಕೆ ಸಂತೋಷ. ಥಾಮಸ್ ಫೋರ್ಡ್ ಮತ್ತು ಮಾರ್ಕ್ ಫರ್ಗ್ಯುಸನ್ 2004ರಲ್ಲಿ ಮಂಡಿಸಿದ ವಾದವನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಹೀಯಾಳಿಸುವ ನಗೆಹನಿ ಒಳ್ಳೆಯವರನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ, ಆದರೆ ಈಗಾಗಲೇ ಒಳಗೊಳಗೆ ಕಹಿ ಇರುವವರಿಗೆ ‘ಇಲ್ಲಿ ಇದು ನಡೆಯುತ್ತದೆ’ ಎಂಬ ಅನುಮತಿ ಕೊಡುತ್ತದೆ.

ಈಗ ‘ಮೊದಲೆಲ್ಲ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ’ ಎಂಬ ಮಾತಿಗೆ ಬರುತ್ತೇನೆ. ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಬೇಸರ ಇತ್ತು, ನಮಗೆ ತೋರಿಸುತ್ತಿರಲಿಲ್ಲ. ಜೂಲಿ ವುಡ್ಜಿಕಾ ಮತ್ತು ಮೇರಿಯಾನ್ ಲಾಫ್ರಾನ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ತೆಗೆದುಕೊಳ್ಳಿ. ಕೆಲಸದ ಸಂದರ್ಶನದಲ್ಲಿ ಗಂಡಸೊಬ್ಬ ಕೀಳು ಅಭಿರುಚಿಯ ಮೂರು ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ ಎಂದು ಕೆಲವು ಯುವತಿಯರನ್ನು ಕೇಳಿದಾಗ, ಸಿಟ್ಟು ಬರುತ್ತದೆ, ಎದುರು ಹೇಳುತ್ತೇವೆ, ಉತ್ತರ ಕೊಡುವುದಿಲ್ಲ ಎಂದವರು ಬಹಳ. ಆಮೇಲೆ ಬೇರೆ ಯುವತಿಯರನ್ನು ನಿಜವಾದದ್ದೇ ಎಂದು ನಂಬಿಸಿದ ಸಂದರ್ಶನದಲ್ಲಿ ಕೂರಿಸಿ ಅವೇ ಪ್ರಶ್ನೆಗಳನ್ನು ಕೇಳಲಾಯಿತು. ಎಲ್ಲರೂ ಉತ್ತರಿಸಿದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಆದದ್ದು ಭಯ. ಆ ಕೋಣೆಯ ಹೊರಗೆ ನಿಂತು ನೋಡಿದವರು ‘ಯಾರೂ ಬೇಸರ ಮಾಡಿಕೊಳ್ಳಲಿಲ್ಲ’ ಎಂದೇ ಹೇಳುತ್ತಿದ್ದರು.

ಬಾಯಿಬಿಟ್ಟವರಿಗೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಚೆರಿಲ್ ಕೈಸರ್ ಮತ್ತು ಕ್ಯಾರೊಲ್ ಮಿಲ್ಲರ್ ಅದೇ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಕಪ್ಪು ವರ್ಣೀಯ ವಿದ್ಯಾರ್ಥಿಯೊಬ್ಬ ಅದಕ್ಕೆ ತಾರತಮ್ಯವೇ ಕಾರಣ ಎಂದಾಗ, ಓದಿದವರು ಅವನನ್ನು ಗೊಣಗುವವನೆಂದು ಎಣಿಸಿದರು. ತಾರತಮ್ಯ ನಡೆದಿರುವುದು ಬಹುತೇಕ ಖಚಿತ ಎಂಬ ಮಾಹಿತಿ ಮುಂದಿದ್ದಾಗಲೂ ಹಾಗೆಯೇ ಎಣಿಸಿದರು. ಮೇಲಿನವರ ಎದುರು, ಅನ್ನ ಕೊಡುವ ಕೈಯ ಎದುರು, ಗುಂಪಿನ ಎದುರು ಜನ ನುಂಗಿಕೊಳ್ಳುತ್ತಾರೆ. ಇಂದು ನಿಮ್ಮ ಸಹೋದ್ಯೋಗಿ ಬೇಸರವನ್ನು ಮುಖದಲ್ಲಿ ತೋರಿಸಿದ್ದಾರೆ ಎಂದರೆ, ಅಷ್ಟರಮಟ್ಟಿಗಾದರೂ ತೋರಿಸಿಕೊಳ್ಳುವ ನೆಲೆ ಅವರಿಗೆ ಸಿಕ್ಕಿದೆ. ನನ್ನ ಕಣ್ಣಿಗೆ ಅದು ಒಳ್ಳೆಯ ಸುದ್ದಿ.

ಮಾತು ಬರೀ ಮಾತಾಗಿ ಉಳಿಯುವುದಿಲ್ಲ ಎಂಬ ನೆನಪೂ ಕೆಲವು ಸಮುದಾಯಗಳಿಗೆ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹ ನಡವಳಿಕೆಗೆ ಇಳಿಯುವ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಹಿಂದೆ ಆಡಿಕೊಳ್ಳುವುದು ಮೊದಲನೆಯದು, ನಂತರ ದೂರವಿಡುವುದು, ಅವಕಾಶ ತಪ್ಪಿಸುವುದು, ಕೈಮಾಡುವುದು, ಕೊನೆಗೆ ಕೊಲ್ಲುವುದು. ಆಡಿಕೊಳ್ಳುವವರೆಲ್ಲ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಾರೆ ಎಂದು ಅವರು ಹೇಳಲಿಲ್ಲ, ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ 1994ರ ರುವಾಂಡಾದಲ್ಲಿ ಟುಟ್ಸಿ ಜನರನ್ನು ರೇಡಿಯೊದಲ್ಲಿ ‘ಇನ್ಯೆಂಜಿ’, ಅಂದರೆ ಜಿರಳೆ ಎಂದು ಕರೆಕರೆದು, ಕೊಲ್ಲುವುದನ್ನು ಮನೆ ಸ್ವಚ್ಛ ಮಾಡಿದಷ್ಟು ಸಲೀಸು ಮಾಡಲಾಯಿತು. ಆ ಪ್ರಸಾರಕ್ಕಾಗಿ ಬಾನುಲಿಯ ಸ್ಥಾಪಕರಲ್ಲೊಬ್ಬರನ್ನು ಅಂತಾರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅಪರಾಧಿ ಎಂದು ತೀರ್ಪಿತ್ತಿತು. ನಿಮ್ಮ ‘ಆದರೂ’ವಿಗೂ ಅದಕ್ಕೂ ಅಜಗಜಾಂತರವಿದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಮೇಲಿನ ಮೆಟ್ಟಿಲುಗಳನ್ನು ಕಂಡವರ ಕಿವಿಗೆ ಮೊದಲ ಮೆಟ್ಟಿಲಿನ ಸದ್ದು ಬೇಗ ಕೇಳಿಸುತ್ತದೆ. ಅವರ ಕಿವಿ ಚುರುಕಾಗಿರುವುದಕ್ಕೆ ಕಾರಣವಿದೆ.

‘ಯಾವ ಪದ ಬಳಸಿದರೂ ನಾಳೆ ಅದೂ ತಪ್ಪಾಗುತ್ತದೆ’ ಎಂಬ ದೂರನ್ನೂ ನಾನು ಆಗಾಗ ಕೇಳುತ್ತೇನೆ. ಅದರಲ್ಲಿ ನಿಜವಿದೆ. ‘ಈಡಿಯಟ್’, ‘ಇಂಬೆಸಿಲ್’ ಎಂಬವು ಒಂದು ಕಾಲದಲ್ಲಿ ಬೌದ್ಧಿಕ ಬೆಳವಣಿಗೆ ಕುಂಠಿತವಾದವರನ್ನು ವಿಂಗಡಿಸಲು ವೈದ್ಯರು ಬಳಸುತ್ತಿದ್ದ ಪದಗಳು. 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ ಅವುಗಳ ಜೊತೆಗೆ ‘ಮೊರಾನ್’ ಎಂಬುದನ್ನೂ ಸೇರಿಸಿದರು. ಮೂರೂ ಬೀದಿ ಬೈಗುಳಗಳಾದವು. ಕನ್ನಡದಲ್ಲೇ ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ ಬಂತು. ಜನರ ತಾತ್ಸಾರ ಹಾಗೆಯೇ ಉಳಿದರೆ ಹೊಸ ಪದಕ್ಕೂ ಹಳೆಯ ಕೊಳೆಯೇ ಅಂಟುತ್ತದೆ. ಹಾಗೆಂದು ಪದ ಬದಲಿಸುವುದು ವ್ಯರ್ಥವೆಂದು ನಾನು ಒಪ್ಪುವುದಿಲ್ಲ. 1866ರಲ್ಲಿ ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಒಂದು ಬಗೆಯ ಮಕ್ಕಳ ಮುಖಲಕ್ಷಣ ನೋಡಿ, ಅವರನ್ನು ಮಂಗೋಲ್ ಜನಾಂಗಕ್ಕೆ ಹೋಲಿಸಿ ವರ್ಗೀಕರಿಸಿದರು. ನಾವು ಇಂದು ಡೌನ್ ಸಿಂಡ್ರೋಮ್ ಎನ್ನುವ ಆ ಸ್ಥಿತಿಗೆ ಸುಮಾರು ನೂರು ವರ್ಷ ‘ಮಂಗೋಲಿಸಂ’ ಎಂಬ ಹೆಸರೇ ನಡೆಯಿತು. 1959ರಲ್ಲಿ ಹೆಚ್ಚುವರಿ ವರ್ಣತಂತುವೇ ಕಾರಣವೆಂದು ಗೊತ್ತಾಯಿತು. 1961ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ 19 ತಜ್ಞರು ಪತ್ರ ಬರೆದು ಆ ಹೆಸರನ್ನು ಬಿಡಬೇಕೆಂದರು. 1965ರಲ್ಲಿ ಮಂಗೋಲಿಯಾದ ಪ್ರತಿನಿಧಿಗಳು ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿಕೊಂಡ ಮೇಲೆ ಅದು ಅಲ್ಲಿಂದ ಮರೆಯಾಯಿತು. ಒಂದು ದೇಶದ ಜನ ತಮ್ಮ ಹೆಸರನ್ನು ರೋಗದ ಪಟ್ಟಿಯಿಂದ ವಾಪಸು ಪಡೆದುಕೊಂಡರು. ಅದನ್ನು ಅತಿಸೂಕ್ಷ್ಮತೆ ಎನ್ನಲು ನನಗೆ ನಾಲಗೆ ಬರುವುದಿಲ್ಲ.

ತಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ಅವರೇ ಹೇಳಬೇಕು. ‘ಜಿಪ್ಸಿ’ ಎಂದು ಕರೆಸಿಕೊಳ್ಳುತ್ತಿದ್ದವರು 1971ರಲ್ಲಿ ಲಂಡನ್ ಬಳಿ ಸಮಾವೇಶ ಸೇರಿ ‘ರೋಮಾ’ ಎಂದು ಹೇಳಿಕೊಂಡರು. ಗಾಂಧಿಯವರು ಸದ್ಭಾವದಿಂದಲೇ ಜನಪ್ರಿಯಗೊಳಿಸಿದ ‘ಹರಿಜನ’ವನ್ನು ಬದಿಗಿಟ್ಟು ಹಲವರು ‘ದಲಿತ’ ಎಂದು ತಮ್ಮನ್ನು ತಾವೇ ಕರೆದುಕೊಂಡರು. ಕೊಟ್ಟ ಹೆಸರು ಎಷ್ಟೇ ಚೆಂದವಿದ್ದರೂ ಅದು ಕೊಟ್ಟದ್ದೇ.

ಬೇಸರಪಟ್ಟವರು ಯಾವಾಗಲೂ ಸರಿಯೇ? ಅಲ್ಲ. ತಪ್ಪಾಗಿ ಕೇಳಿಸಿಕೊಳ್ಳುವುದುಂಟು, ಒಂದೇ ಸಮುದಾಯದ ಇಬ್ಬರು ಒಂದೇ ಪದದ ಬಗ್ಗೆ ಬೇರೆಬೇರೆ ಹೇಳುವುದುಂಟು, ಟೀಕೆಯಿಂದ ತಪ್ಪಿಸಿಕೊಳ್ಳಲು ನೋವನ್ನು ಗುರಾಣಿ ಮಾಡಿಕೊಳ್ಳುವವರೂ ಇದ್ದಾರೆ. ಯಂತ್ರ ಮತ್ತೆ ಕೆಟ್ಟರೆ ಅದೇ ಸಹೋದ್ಯೋಗಿಗೆ “ನೀವು ಈ ಜೋಡಣೆಯನ್ನು ತಪ್ಪಾಗಿ ಮಾಡಿದ್ದೀರಿ” ಎಂದು ಧಾರಾಳವಾಗಿ ಹೇಳಿ. ಅದರಿಂದ ಅವರಿಗೆ ಬೇಸರವಾದರೂ ನೀವು ಹಿಂಜರಿಯಬೇಕಾಗಿಲ್ಲ, ಏಕೆಂದರೆ ಆ ಮಾತನ್ನು ಅವರು ಪರೀಕ್ಷಿಸಿ ನೋಡಬಹುದು, ವಾದಿಸಬಹುದು, ನಾಳೆ ತಿದ್ದಿಕೊಳ್ಳಬಹುದು. ಹುಟ್ಟನ್ನು ತಿದ್ದಿಕೊಳ್ಳುವುದು ಯಾರಿಂದಲೂ ಆಗದು. ಬಾಯಿ ತೆರೆಯುವುದು ಹೇಗೆ ಎಂದು ಕೇಳಿದ್ದೀರಲ್ಲ, ಈ ವ್ಯತ್ಯಾಸವೊಂದು ಮನಸ್ಸಿನಲ್ಲಿದ್ದರೆ ನೀವು ಕಳೆದುಕೊಳ್ಳುವ ಮಾತು ಬಹಳ ಕಡಿಮೆ. ಆ ದಿನ ನಿಮ್ಮ ವಾಕ್ಯದಿಂದ ಬಿಡಬೇಕಾಗಿದ್ದದ್ದು ‘ಹೆಂಗಸಾದರೂ’ ಎಂಬ ಒಂದು ಪದ. ಉಳಿದದ್ದು ಹಾಗೇ ನಿಲ್ಲುತ್ತಿತ್ತು, ಅದೇ ನೀವು ಹೇಳಬೇಕೆಂದಿದ್ದ ಮಾತು ಕೂಡ.

ಈಗ ಅವರ ಬಳಿ ಹೋಗಿ. ಎಲ್ಲರೆದುರು ಆಡಿದ ಮಾತಾದರೂ ಕ್ಷಮೆಯನ್ನು ಮೊದಲು ಒಬ್ಬರೇ ಇದ್ದಾಗ ಕೇಳಿ, ಮತ್ತೊಮ್ಮೆ ಎಲ್ಲರ ಕಣ್ಣು ಅವರ ಮೇಲೆ ಬೀಳುವುದು ಬೇಡ. “ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ” ಎನ್ನಬೇಡಿ. ಆ ‘ಆಗಿದ್ದರೆ’ ಕೂಡ ‘ಆದರೂ’ವಿನ ಒಡಹುಟ್ಟಿದ್ದು, ಬೇಸರವಾಯಿತೋ ಇಲ್ಲವೋ ಎಂಬುದನ್ನೇ ಅನುಮಾನಕ್ಕೆ ತಳ್ಳಿ ಭಾರವನ್ನು ಅವರ ಮೇಲೆ ಹಾಕುತ್ತದೆ. ನಿಮ್ಮ ಮನಸ್ಸಿನಲ್ಲಿ ಏನಿರಲಿಲ್ಲ ಎಂಬ ವಿವರಣೆಯೂ ಬೇಡ, ಅವರು ಕೇಳಿದರೆ ಹೇಳಿ. “ಅಂದು ನಾನು ಹಾಗೆ ಹೇಳಬಾರದಿತ್ತು, ತಪ್ಪಾಯಿತು” ಎಂಬಷ್ಟೇ ಸಾಕು. ಅವರು ತಕ್ಷಣ ನಗಬೇಕೆಂದು ಕಾಯಬೇಡಿ, “ಪರವಾಗಿಲ್ಲ” ಎನ್ನಲೆಂದು ನಿಲ್ಲಬೇಡಿ. ಮುಂದಿನ ಸಲ ಅವರು ಒಳ್ಳೆಯ ಕೆಲಸ ಮಾಡಿದಾಗ, ಅದೇ ಜನರ ಎದುರು, ಆ ಕೆಲಸದಲ್ಲಿ ನಿಮಗೆ ಮೆಚ್ಚುಗೆಯಾದದ್ದು ಏನೆಂದು ಹೇಳಿ: ದೋಷವನ್ನು ಎಲ್ಲಿ ಹುಡುಕಿದರು, ಹೇಗೆ ಬಿಚ್ಚಿದರು, ಬೇರೆಯವರಿಗೆ ಹೊಳೆಯದ್ದು ಅವರಿಗೆ ಹೇಗೆ ಹೊಳೆಯಿತು.